ಎಲುಬಿಗೊಂದು ಹಂದರ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಊರುಗೋಲು ಹಿಡಿದು ನಿಂತವರಿಗೆ ಪರಿಚಯದವರು ಎದುರಾದರೆ ಮೊದಲು ಕೇಳುವುದು ಇದನ್ನೇ: “ರಾಡ್ ಹಾಕ್ಯಾರೇನ್ರಿ, ಪ್ಲೇಟ್ ಹಾಕ್ಯಾರೋ?” ಬಿದ್ದದ್ದು ಎಲ್ಲಿ, ಹ್ಯಾಂಗೆ ಅನ್ನುವುದೆಲ್ಲ ಆಮೇಲಿನ ಮಾತು. ಎಲುಬು ಮುರಿಯುವುದಕ್ಕೆ ನಮ್ಮ ಕಡೆ ಕಾರಣಗಳ ಬರ ಇಲ್ಲ. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿ ಹಿಂದಿನ ದೀಪವಿಲ್ಲದೆ ರಸ್ತೆಗಿಳಿಯುತ್ತವೆ. ಕಿತ್ತೂರಿನ ಮಗ್ಗುಲಲ್ಲೇ ಪುಣೆ–ಬೆಂಗಳೂರು ಹೆದ್ದಾರಿ ಹಾಯುತ್ತದೆ. ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಒಂದೊಂದು ಬೈಕಿನ ಮೇಲೆ ಮೂರು ಮೂರು ಮಂದಿ ಹೊರಡುತ್ತಾರೆ. ಇವಿಷ್ಟೂ ಸಾಲದಿದ್ದರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಹಿತ್ತಲ ಕಲ್ಲು ಇದ್ದೇ ಇದೆ.

ರಾಡೋ ಪ್ಲೇಟೋ ಎಂಬ ಆ ಪ್ರಶ್ನೆಗೆ ಮೂರನೆಯ ಉತ್ತರವೊಂದು ಪ್ರಯೋಗಾಲಯಗಳಲ್ಲಿ ತಯಾರಾಗುತ್ತಿದೆ. ಎಲುಬು ಹೋಗಿ ಖಾಲಿಯಾದ ಜಾಗದಲ್ಲಿ ತೂತು ತೂತಾದ ಪ್ಲಾಸ್ಟಿಕ್ ತುಂಡೊಂದನ್ನು ಇಡುತ್ತಾರೆ. ಅದರ ಮೇಲೆ ಹಬ್ಬಿಕೊಂಡು ಹೊಸ ಎಲುಬು ಬೆಳೆಯುತ್ತದೆ. ಬೆಳೆದಂತೆ ಆ ಪ್ಲಾಸ್ಟಿಕ್ ತಾನಾಗಿಯೇ ಕರಗಿ ಹೋಗುತ್ತದೆ. ಇಂಗ್ಲಿಷಿನಲ್ಲಿ ಇದರ ಹೆಸರು ಸ್ಕ್ಯಾಫೋಲ್ಡ್. ಗೋಡೆ ಏರಿಸುವಾಗ ಗೌಂಡಿಗಳು ಕಟ್ಟುವ ಸಾರವೆಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಆದರೆ ಸಾರವೆ ಗೋಡೆಯ ಹೊರಗೆ ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ಯಾರಾದರೂ ಬಿಚ್ಚಬೇಕು. ನನಗೆ ಒಪ್ಪುವ ಪದ ಹಂದರ. ಸೊರಗಿದವರನ್ನು ಕಂಡು ‘ಎಲುಬಿನ ಹಂದರ ಆಗ್ಯಾನ’ ಅನ್ನುವ ಮಾತು ನಮ್ಮಲ್ಲಿ ಮೊದಲಿನಿಂದ ಇದೆ. ಈಗ ಎಲುಬಿಗೇ ಒಂದು ಹಂದರ ಬೇಕಾಗಿದೆ.

ಹಿತ್ತಲಲ್ಲಿ ಹೀರೆ ಬಳ್ಳಿ ಹಬ್ಬಿಸಿದವರಿಗೆ ಈ ವಿದ್ಯೆಯ ಅರ್ಧ ಗೊತ್ತಿದ್ದಂತೆಯೇ. ನುಣ್ಣನೆಯ ಪ್ಲಾಸ್ಟಿಕ್ ಪೈಪು ನೆಟ್ಟರೆ ಕುಡಿ ಅದಕ್ಕೆ ಸುತ್ತಿಕೊಂಡರೂ ಗಾಳಿ ಬಂದಾಗ ಜಾರಿ ಕೆಳಗೆ ಕುಪ್ಪೆಯಾಗುತ್ತದೆ. ಹೊಲದಿಂದ ತಂದ ಒರಟು ಹತ್ತಿಕಟ್ಟಿಗೆ ನೆಟ್ಟರೆ ಮೂರು ದಿನದಲ್ಲಿ ಮೇಲೆ. ಎರಡೂ ಎತ್ತರದಲ್ಲಿ ಸಮ, ಗಟ್ಟಿತನದಲ್ಲಿ ಪೈಪೇ ಒಂದು ಕೈ ಮೇಲು. ವ್ಯತ್ಯಾಸ ಇರುವುದು ಮೈಯಲ್ಲಿ. ಎಲುಬಿನ ಹಂದರದ ಮೇಲೆ ನಡೆದಿರುವ ಸಂಶೋಧನೆಯ ದೊಡ್ಡ ಪಾಲು ಈ ಒಂದು ಸಂಗತಿಯ ಸುತ್ತಲೇ ಇದೆ: ಪಾಲಿಮರಿನ ಒಡಲನ್ನು ಹಾಗೇ ಬಿಟ್ಟು ಮೈಯನ್ನಷ್ಟೇ ತಿದ್ದುವುದು ಹೇಗೆ? ತಿದ್ದಬೇಕಾದ ಮೈಯ ದಪ್ಪ ಕೂದಲಿನ ದಪ್ಪದ ಸಾವಿರದ ಒಂದು ಪಾಲಿನಷ್ಟಾದರೂ ಸಾಕು.

ಹಿಂದಕ್ಕೆ ಹೋಗಿ ನೋಡಿದರೆ ಈ ಹಂಬಲ ಎಷ್ಟು ಹೊಸದು ಎಂಬುದು ತಿಳಿಯುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಾಳಗ ನಡೆದು ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತನಲ್ಲ, ಅವತ್ತು ಎರಡೂ ಕಡೆ ಎಷ್ಟೋ ಮಂದಿಯ ಕೈಕಾಲು ಮುರಿದಿರಲೇಬೇಕು. ಅವರ ಪಾಡು ನೆನೆಯಿರಿ. ಮೈಮರೆಸುವ ಈಥರ್ ಬರಲು ಇನ್ನೂ 22 ವರ್ಷ ಇತ್ತು. ಸುಣ್ಣದಂತೆ ಗಟ್ಟಿಯಾಗುವ ಪ್ಲಾಸ್ಟರ್ ಬ್ಯಾಂಡೇಜನ್ನು ಡಚ್ ಸೇನೆಯ ವೈದ್ಯ ಮಥೈಸೆನ್ ಬಳಕೆಗೆ ತಂದದ್ದು 1850ರ ದಶಕದ ಆರಂಭದಲ್ಲಿ. ಒಳಗಿನ ಎಲುಬನ್ನು ಹೊರಗಿನಿಂದ ನೋಡುವ ಎಕ್ಸ್‌ರೇ 1895ರದು. ಎಲುಬು ಚರ್ಮ ಸೀಳಿ ಹೊರಬಂದಿದ್ದರೆ ಕಂಪನಿಯ ಸರ್ಜನ್‌ಗೆ ಗೊತ್ತಿದ್ದ ಉಪಾಯ ಗರಗಸ. ನಮ್ಮವರ ಕಡೆ ಬಿದಿರಿನ ದಬ್ಬೆ, ತತ್ತಿಯ ಲೋಳೆ, ಅರಿವೆ ಪಟ್ಟಿ ಕಟ್ಟಿ ಕೂಡಿಸುವ ನಾಟಿ ವೈದ್ಯರಿದ್ದರು. ಇವತ್ತಿಗೂ ಇದ್ದಾರೆ. ಅವರನ್ನು ಹೊಗಳಲೂ ತೆಗಳಲೂ ಈ ಲೇಖನದಲ್ಲಿ ಜಾಗವಿಲ್ಲ. ಆದರೆ ಅವರ ಕಸುಬು ನಿಂತಿರುವ ತತ್ವ ಸುಳ್ಳಲ್ಲ: ಎಲುಬನ್ನು ಯಾರೂ ಕೂಡಿಸುವುದಿಲ್ಲ, ಅದು ತಾನೇ ಕೂಡುತ್ತದೆ. ನಾವು ಮಾಡಬಹುದಾದದ್ದು ಅದನ್ನು ನೆಟ್ಟಗೆ, ಅಲ್ಲಾಡದಂತೆ ಹಿಡಿದಿಡುವುದು ಮಾತ್ರ. ರಾಡು, ಪ್ಲೇಟುಗಳೂ ಅಷ್ಟನ್ನೇ ಮಾಡುತ್ತವೆ, ಇನ್ನಷ್ಟು ಕರಾರುವಾಕ್ಕಾಗಿ.

ಸತ್ತವರ ಎಲುಬನ್ನು ನೋಡಿ ನೋಡಿ ನಾವು ಅದನ್ನು ಕಲ್ಲಿನ ಜಾತಿಗೆ ಸೇರಿಸಿಬಿಟ್ಟಿದ್ದೇವೆ. ಜೀವಂತ ಎಲುಬು ಕಲ್ಲಲ್ಲ, ಸದಾ ದುರಸ್ತಿಯಲ್ಲಿರುವ ಮನೆ. ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹೈಡ್ರಾಕ್ಸಿಅಪಟೈಟ್. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜನ್ ಎಂಬ ನಾರು ಮತ್ತು ನೀರು. ನಾರು ಬಾಗುತ್ತದೆ, ಖನಿಜ ಭಾರ ಹೊರುತ್ತದೆ. ಒಂದಿಲ್ಲದಿದ್ದರೆ ಇನ್ನೊಂದು ಕೆಲಸಕ್ಕೆ ಬಾರದು. ಈ ಮನೆಯಲ್ಲಿ ಒಂದು ಜಾತಿಯ ಕೋಶಗಳು ಹಳೆಯ ಎಲುಬನ್ನು ಕೊರೆಯುತ್ತ ಹೋಗುತ್ತವೆ, ಇನ್ನೊಂದು ಜಾತಿಯವು ಹಿಂದಿನಿಂದ ಬಂದು ಹೊಸದನ್ನು ಕಟ್ಟುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಎಲುಬು ಹೀಗೆ ಬದಲಾಗುತ್ತದೆ. ಮುರಿದಾಗ ಆಗುವುದೂ ಇದೇ, ತುಸು ಅವಸರದಲ್ಲಿ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಮೆತ್ತನೆಯ ಗಂಟು ಕೂಡುತ್ತದೆ, ಕೆಲವು ವಾರಗಳಲ್ಲಿ ಅದು ಖನಿಜ ತುಂಬಿ ಗಟ್ಟಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಕೆತ್ತನೆ ನಡೆದು ಮೊದಲಿನ ರೂಪ ಬರುತ್ತದೆ. ಚರ್ಮ ಮಾಯ್ದರೂ ಕಲೆ ಉಳಿಯುತ್ತದೆ. ಎಲುಬು ಕಲೆ ಬಿಡದೆ ಮಾಯುತ್ತದೆ.

ಆದರೆ ಇದಕ್ಕೊಂದು ಗಡಿ ಇದೆ. ಎರಡು ತುದಿಗಳ ನಡುವೆ ಸುಮಾರು ಎರಡು ಸೆಂಟಿಮೀಟರಿಗಿಂತ ಹೆಚ್ಚು ಎಲುಬು ಇಲ್ಲವಾಗಿದ್ದರೆ ದೇಹ ಕೈಚೆಲ್ಲುತ್ತದೆ. ಟ್ರೇಲರಿನ ಗಾಲಿ ಹಾದು ಚೂರಾದ ಮೊಳಕಾಲಿನ ಎಲುಬು, ಕೀವು ತುಂಬಿ ವೈದ್ಯರೇ ಕೊರೆದು ತೆಗೆಯಬೇಕಾದ ತೊಡೆಯ ಎಲುಬು, ಗಡ್ಡೆಗೆ ಬಲಿಯಾದ ದವಡೆ, ಇವೆಲ್ಲ ಆ ಗಡಿಯಾಚೆಯವು. ಅಲ್ಲಿ ಪ್ಲೇಟು ಎರಡು ತುದಿಗಳನ್ನು ಹಿಡಿದು ನಿಲ್ಲುತ್ತದೆ, ನಡುವಿನ ಬಯಲು ಬಯಲಾಗಿಯೇ ಉಳಿಯುತ್ತದೆ. ಆಗ ವೈದ್ಯರು ರೋಗಿಯ ಟೊಂಕದ ಎಲುಬಿನಿಂದಲೇ ಒಂದಿಷ್ಟು ತೆಗೆದು ಅಲ್ಲಿ ತುಂಬುತ್ತಾರೆ. ಇವತ್ತಿಗೂ ಇದೇ ಅತ್ಯುತ್ತಮ ಎನ್ನಿಸಿಕೊಂಡ ವಿಧಾನ. ರೋಗಿಯದೇ ಎಲುಬು, ರೋಗಿಯದೇ ಕೋಶ, ದೇಹ ತಗಾದೆ ತೆಗೆಯುವುದಿಲ್ಲ. ಆದರೆ ಒಂದು ಗಾಯ ಮಾಯಿಸಲು ಇನ್ನೊಂದು ಗಾಯ ಮಾಡಿದಂತಾಯಿತು. ಕಾಲಿನ ನೋವಿಗಿಂತ ಟೊಂಕದ ನೋವೇ ಹೆಚ್ಚು ದಿನ ಕಾಡಿತು ಎನ್ನುವವರು ಕಡಿಮೆ ಇಲ್ಲ. ಅಲ್ಲದೆ ಟೊಂಕದ ಗಣಿಗೂ ತಳವಿದೆ.

ಸೈಬೀರಿಯಾದ ಕುರ್ಗಾನ್‌ನ ವೈದ್ಯ ಇಲಿಜಾರೊವ್ ಕಂಡುಹಿಡಿದ ದಾರಿ ಬೇರೆ: ಎಲುಬನ್ನು ಬೇರೆ ಕಡೆ ಕತ್ತರಿಸಿ, ಕಾಲಿನ ಸುತ್ತ ಕಬ್ಬಿಣದ ಬಳೆಗಳನ್ನು ಕಟ್ಟಿ, ತಿರುಪು ತಿರುವುತ್ತ ದಿನಕ್ಕೆ ಒಂದು ಮಿಲಿಮೀಟರಿನಂತೆ ಎಳೆಯುವುದು. ಎಳೆದಷ್ಟೂ ನಡುವೆ ಹೊಸ ಎಲುಬು ಹುಟ್ಟುತ್ತದೆ. ಆರು ಸೆಂಟಿಮೀಟರು ಬೇಕಾದರೆ ಎಳೆಯಲಿಕ್ಕೇ 60 ದಿನ, ಗಟ್ಟಿಯಾಗಲು ಮತ್ತೂ ಹಲವು ತಿಂಗಳು. ಆ ಬಳೆಗಳನ್ನು ಹೊತ್ತು ಹೊಲಕ್ಕೂ ಹೋಗಲಾಗದೆ, ಮಗ್ಗದ ಕುಣಿಗೂ ಇಳಿಯಲಾಗದೆ ಕಟ್ಟೆಯ ಮೇಲೆ ಕೂತವರನ್ನು ಕಂಡವರಿಗೆ ಈ ವಿಧಾನದ ಬೆಲೆ ರೂಪಾಯಿಯಲ್ಲಿ ಅಳೆಯುವಂಥದ್ದಲ್ಲ ಎಂಬುದು ಗೊತ್ತು.

ಹಂದರದ ಯೋಚನೆ ಹುಟ್ಟಿದ್ದು ಈ ಬಯಲಿನಲ್ಲಿ. ಅಮೆರಿಕದ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಇಡೀ ಕ್ಷೇತ್ರಕ್ಕೆ ಟಿಶ್ಯೂ ಇಂಜಿನಿಯರಿಂಗ್ ಎಂಬ ಹೆಸರನ್ನು ಗಟ್ಟಿಮಾಡಿತು. ಆದರೆ ಹಂದರಕ್ಕೆ ಬೇಕಾದ ಸರಕು ಅದಕ್ಕಿಂತ ಬಹಳ ಹಳೆಯದು, ಮತ್ತು ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕಿನವರಿಗೆ ಗುರುತು ಸಿಗುವಂಥದ್ದು. ಅದರ ತವರು ಕಬ್ಬು ಮತ್ತು ಮಜ್ಜಿಗೆ.

ಸ್ವೀಡನ್ನಿನ ರಸಾಯನಜ್ಞ ಷೀಲೆ 1780ರಲ್ಲಿ ಹುಳಿ ಹಾಲಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿದ. ಅದೇ ಲ್ಯಾಕ್ಟಿಕ್ ಆಮ್ಲ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಮೊಸರಾಗುವುದು ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಈ ಆಮ್ಲವಾಗಿ ಮಾಡುವುದರಿಂದ. ಹಾಲಿನ ಬದಲು ಕಬ್ಬಿನ ಸಕ್ಕರೆ ಕೊಟ್ಟರೂ ಆ ಜಾತಿಯ ಜೀವಿಗಳು ಬೇಡವೆನ್ನುವುದಿಲ್ಲ. ಈ ಆಮ್ಲದ ಅಣುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಉದ್ದನೆಯ ಸರಪಳಿ ಮಾಡಿದರೆ ಪಾಲಿಲ್ಯಾಕ್ಟಿಕ್ ಆಸಿಡ್, ಎಲ್ಲರೂ ಕರೆಯುವಂತೆ ಪಿಎಲ್ಎ. ನೈಲಾನ್ ಕಂಡುಹಿಡಿದ ಕ್ಯಾರೋಥರ್ಸ್ 1932ರಲ್ಲೇ ಇದರ ಗಿಡ್ಡ ಸರಪಳಿ ಮಾಡಿ ನೋಡಿದ್ದ. ಅದು ನೀರಿಗೆ ಕರಗಿ ಹಾಳಾಗುತ್ತದೆಂದು ಬಟ್ಟೆಯ ಮಂದಿಗೆ ರುಚಿಸಲಿಲ್ಲ. ಆ ದೋಷವೇ ವೈದ್ಯರಿಗೆ ಗುಣವಾಯಿತು. 1966ರಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ಸಂಶೋಧಕರು ಪಿಎಲ್ಎಯನ್ನು ಇಲಿ ಮತ್ತು ಗಿನಿಯಿಲಿಗಳ ದೇಹದೊಳಗೆ ಇಟ್ಟು, ಅದು ವಿಷವಲ್ಲ, ನಿಧಾನಕ್ಕೆ ಕರಗುತ್ತದೆ ಎಂದು ತೋರಿಸಿದರು. ಆ ಪ್ರಬಂಧದ ಮೊದಲ ಹೆಸರು ಆರ್.ಕೆ. ಕುಲಕರ್ಣಿ. ಕಿತ್ತೂರು ಕಡೆಯ ಓದುಗರು ಇಲ್ಲಿ ಒಂದು ಕ್ಷಣ ನಿಂತು ನಕ್ಕರೆ ತಪ್ಪಿಲ್ಲ. ನಮ್ಮಲ್ಲಿ ವಾಡೆಗೊಬ್ಬರಾದರೂ ಕುಲಕರ್ಣಿ ಇರುತ್ತಾರೆ. 1970ರ ದಶಕದಲ್ಲಿ ಇದೇ ಬಳಗದ ಪಾಲಿಮರುಗಳಿಂದ ಮಾಡಿದ, ಬಿಚ್ಚಬೇಕಿಲ್ಲದ ಹೊಲಿಗೆ ದಾರಗಳು ಆಪರೇಷನ್ ಕೋಣೆಗಳಿಗೆ ಬಂದವು. “ಹೊಲಿಗಿ ಬಿಚ್ಚಂಗಿಲ್ಲ, ತಾನ ಕರಗತೈತಿ” ಎಂದು ನರ್ಸಮ್ಮ ಹೇಳುವ ದಾರ ಆ ಬಳಗದ್ದೇ.

ಕರಗಿ ಎಲ್ಲಿಗೆ ಹೋಗುತ್ತದೆ? ನೀರು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಳಚುತ್ತದೆ, ಮತ್ತೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಗರಡಿಮನೆಯಲ್ಲಿ ಸಾಮು ತೆಗೆದವರ ಸ್ನಾಯುವಿನಲ್ಲಿ ದಿನಾ ಹುಟ್ಟುವ ಆಮ್ಲವೇ ಅದು. ದೇಹಕ್ಕೆ ಅದನ್ನು ವಿಲೇವಾರಿ ಮಾಡುವ ದಾರಿ ಗೊತ್ತಿದೆ: ಸುಟ್ಟು ಶಕ್ತಿ ಪಡೆದು, ಉಳಿದದ್ದನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಹಾಕುತ್ತದೆ. ಕಬ್ಬಿನ ಗದ್ದೆ ಗಾಳಿಯಿಂದ ಹೀರಿದ ಇಂಗಾಲ, ಒಬ್ಬರ ಕಾಲಿನಲ್ಲಿ ಒಂದೆರಡು ವರ್ಷ ತಂಗಿ, ಉಸಿರಿನಲ್ಲಿ ಮತ್ತೆ ಗಾಳಿಗೆ.

ಕಬ್ಬಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವವರು ನನ್ನನ್ನು ಬಿಡಲಿಕ್ಕಿಲ್ಲ. ರಸಾಯನಶಾಸ್ತ್ರದ ಕಾಗದದ ಲೆಕ್ಕದಲ್ಲಿ ಒಂದು ಕಿಲೋ ಸಕ್ಕರೆಯಿಂದ ಹೆಚ್ಚೆಂದರೆ 840 ಗ್ರಾಂ ಪಿಎಲ್ಎ. ಕಾರ್ಖಾನೆಯ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ. ಥಾಯ್ಲೆಂಡಿನಲ್ಲಿ ಕಬ್ಬಿನಿಂದಲೇ ವರ್ಷಕ್ಕೆ 75,000 ಟನ್ ಪಿಎಲ್ಎ ಮಾಡುವ ಸಾಮರ್ಥ್ಯದ ಕಾರ್ಖಾನೆ ಇದೆ. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ಬಲರಾಂಪುರ ಚೀನಿ ಮಿಲ್ಸ್ ಇಂಥ ಕಾರ್ಖಾನೆಗೆ ಬಂಡವಾಳ ಹಾಕುವುದಾಗಿ 2024ರಲ್ಲಿ ಪ್ರಕಟಿಸಿತು. ಆದರೆ ಅಲ್ಲಿ ತಯಾರಾಗುವುದರಲ್ಲಿ ಬಹುಪಾಲು ಲೋಟ, ಚೀಲ, ಪೊಟ್ಟಣಕ್ಕೆ. ಒಂದು ಎಲುಬಿನ ಹಂದರಕ್ಕೆ ಬೇಕಾಗುವುದು ಕೆಲವೇ ಗ್ರಾಂ. ಎಲುಬಿನ ನೆಪದಲ್ಲಿ ಕಬ್ಬಿನ ಬಿಲ್ಲು ಏರುತ್ತದೆಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ.

ಪಿಎಲ್ಎ ಒಂದೇ ಅಲ್ಲ. ಪಿಸಿಎಲ್ ಅಂದರೆ ಪಾಲಿಕ್ಯಾಪ್ರೊಲ್ಯಾಕ್ಟೋನ್ ಇನ್ನೊಂದು. ಮೆತ್ತಗಿನದು, ಸುಮಾರು 60 ಡಿಗ್ರಿಗೇ ಕರಗುತ್ತದೆ, ದೇಹದಲ್ಲಿ ಪೂರ್ತಿ ಇಲ್ಲವಾಗಲು ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ. ಎಲುಬಿನ ನಿಧಾನಕ್ಕೆ ಆ ನಿಧಾನ ಹೊಂದುತ್ತದೆಂದು ಹಲವರು ಇದನ್ನೇ ನೆಚ್ಚುತ್ತಾರೆ. ಸಿಂಗಪುರದ ಆಸ್ಟಿಯೋಪೋರ್ ಕಂಪನಿಯ ಪಿಸಿಎಲ್ ಹಂದರಗಳಿಗೆ ಅಮೆರಿಕದ ಔಷಧ ಆಡಳಿತ 2006ರಲ್ಲೇ ಒಪ್ಪಿಗೆ ಕೊಟ್ಟಿತು. ತಲೆಬುರುಡೆಯಲ್ಲಿ ಶಸ್ತ್ರಚಿಕಿತ್ಸೆಗಾಗಿ ಕೊರೆದ ತೂತು ಮುಚ್ಚಲು ಅವು ಬಳಕೆಯಲ್ಲಿವೆ.

ಹಂದರ ಹೆಣೆಯುವ ಕೆಲಸ ಈಗ ತ್ರೀಡಿ ಪ್ರಿಂಟರಿನದು. ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗರು ಆಟಿಕೆ, ಗೇರುಚಕ್ರ ಮುದ್ರಿಸುವ ಯಂತ್ರವೇ. ಅದಕ್ಕೆ ಸುತ್ತುವ ತಂತಿಯುಂಡೆಯೂ ಹೆಚ್ಚಾಗಿ ಪಿಎಲ್ಎಯೇ. ದೇಹದೊಳಕ್ಕೆ ಹೋಗುವುದಕ್ಕೆ ಶುದ್ಧತೆ ಬೇರೆ, ದರ ಬೇರೆ, ವಿಧಾನ ಒಂದೇ. ಬಿಸಿ ಮೂತಿಯಿಂದ ಎಳೆ ಇಳಿಯುತ್ತದೆ. ಮೊದಲ ಪದರು ಉದ್ದಕ್ಕೆ, ಮೇಲಿನ ಪದರು ಅಡ್ಡಕ್ಕೆ, ಹಾಸು ಹೊಕ್ಕಿನ ಲೆಕ್ಕದಂತೆ. ರಾಮದುರ್ಗ, ಸುರೇಬಾನದ ನೇಕಾರರು ನೋಡಿದರೆ ‘ಇದೇನು ಇಷ್ಟು ಬಿಡಿಬಿಡಿ ನೇಯ್ಗಿ’ ಅಂದಾರು. ಬಿಡಿಯಾಗಿರಲೇಬೇಕು. ಕೋಶ ಒಳಹೊಗಲು, ಮುಖ್ಯವಾಗಿ ರಕ್ತನಾಳ ಒಳಹೊಗಲು, ಎಳೆಗಳ ನಡುವೆ 300 ಮೈಕ್ರಾನ್ ಅಥವಾ ತುಸು ಹೆಚ್ಚು ಜಾಗ ಬೇಕು. ರಕ್ತನಾಳದಿಂದ 200 ಮೈಕ್ರಾನಿಗಿಂತ ದೂರ ಉಳಿದ ಕೋಶ ಉಸಿರುಕಟ್ಟಿ ಸಾಯುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೆ ಹಂದರ ಸಿದ್ಧ. ಅದರ ಮೇಲೆ ಕೋಶ ಬಿಟ್ಟು ನೋಡಿದರೆ, ಅವು ಮುದುಡಿಕೊಂಡು ಉಂಡೆಯಾಗಿ ಕೂರುತ್ತವೆ. ಪ್ಲಾಸ್ಟಿಕ್ ಪೈಪಿನ ಮೇಲಿನ ಹೀರೆಕುಡಿಯ ಕಥೆ.

ಕಾರಣ ಎರಡು. ಪಿಎಲ್ಎ, ಪಿಸಿಎಲ್‌ಗಳ ಮೈ ನೀರಿಗೆ ಸುಲಭವಾಗಿ ಒಲಿಯುವುದಿಲ್ಲ. ತಾವರೆ ಎಲೆಯಷ್ಟಲ್ಲದಿದ್ದರೂ ಹನಿ ಅದರ ಮೇಲೆ ಹರಡದೆ ಗುಬ್ಬಿ ಕಟ್ಟಿ ಕೂರುತ್ತದೆ. ಎರಡನೆಯದು, ಕೋಶಕ್ಕೆ ಹಿಡಿದುಕೊಳ್ಳಲು ಅಲ್ಲಿ ಅದಕ್ಕೆ ಗುರುತಿರುವ ಹಿಡಿಕೆ ಒಂದೂ ಇಲ್ಲ. ಕೋಶ ಪಾಲಿಮರನ್ನು ನೇರವಾಗಿ ಮುಟ್ಟುವುದೇ ಇಲ್ಲ ಎಂಬುದು ಈ ವಿದ್ಯೆಯ ಸ್ವಾರಸ್ಯ. ದೇಹದೊಳಗೆ ಇಟ್ಟ ಕ್ಷಣದಿಂದಲೇ ರಕ್ತದ ಪ್ರೋಟೀನುಗಳು ಬಂದು ಆ ಮೈಗೆ ಅಂಟಿಕೊಳ್ಳುತ್ತವೆ. ಆಮೇಲೆ ಬಂದ ಕೋಶ ಕಾಣುವುದು ಆ ಪ್ರೋಟೀನಿನ ಹೊದಿಕೆಯನ್ನು. ಹೊದಿಕೆಯಲ್ಲಿ ಫೈಬ್ರೊನೆಕ್ಟಿನ್‌ನಂಥವು ಸರಿಯಾದ ಭಂಗಿಯಲ್ಲಿ ಕೂತಿದ್ದರೆ ಕೋಶ ತನ್ನ ಹೊರಚರ್ಮದ ಕೊಕ್ಕೆಗಳಿಂದ ಹಿಡಿದುಕೊಂಡು ಕಾಲು ಚಾಚುತ್ತದೆ. ಆ ಕೊಕ್ಕೆಗಳ ಹೆಸರು ಇಂಟಿಗ್ರಿನ್. ಅವು ಫೈಬ್ರೊನೆಕ್ಟಿನ್‌ನ ಬೃಹತ್ ಅಣುವಿನಲ್ಲಿ ಹುಡುಕುವುದು ಮೂರೇ ಅಮೈನೋ ಆಮ್ಲಗಳ ಒಂದು ಪುಟ್ಟ ಸಾಲನ್ನು ಎಂದು ಪಿಯರ್ಶ್‌ಬೇಕರ್ ಮತ್ತು ರೂಸ್ಲಾಹ್ಟಿ 1984ರಲ್ಲಿ ತೋರಿಸಿದರು. ಆರ್‌ಜಿಡಿ ಎಂಬ ಆ ಮೂರಕ್ಷರ ಈಗ ಈ ಕ್ಷೇತ್ರದವರ ಬೀಜಮಂತ್ರ.

ಒಡಲು ಬದಲಿಸದೆ ಮೈ ತಿದ್ದುವ ವಿದ್ಯೆ ನಮಗೆ ಹೊಸದೇನಲ್ಲ. ಹಾಸಿನ ನೂಲಿಗೆ ನೇಕಾರ ಗಂಜಿ ಹಚ್ಚುತ್ತಾನೆ. ನೂಲು ಅದೇ, ಆದರೆ ಲಾಳಿಯ ತಿಕ್ಕಾಟ ತಾಳುವ ಮೈ ಬಂತು. ನುಣ್ಣನೆಯ ಕಾಂಕ್ರೀಟ್ ಕಂಬಕ್ಕೆ ಗಿಲಾವು ಹಿಡಿಯಲೆಂದು ಗೌಂಡಿ ಮೊದಲು ಚಾಣದಿಂದ ಕಚ್ಚು ಹೊಡೆಯುತ್ತಾನೆ. ಪ್ರಯೋಗಾಲಯದವರೂ ಮಾಡುವುದು ಈ ಎರಡೇ ಕೆಲಸ: ಕಚ್ಚು ಹೊಡೆಯುವುದು, ಗಂಜಿ ಹಚ್ಚುವುದು. ಉಪಕರಣ ಮಾತ್ರ ಬೇರೆ.

ಕಚ್ಚು ಹೊಡೆಯಲು ಅಗ್ಗದ ಉಪಾಯ ಕಾಸ್ಟಿಕ್ ಸೋಡಾ. ತೆಳುವಾದ ದ್ರಾವಣದಲ್ಲಿ ಒಂದಿಷ್ಟು ಹೊತ್ತು ಅದ್ದಿದರೆ ಮೇಲ್ಮೈಯ ಸರಪಳಿಗಳು ತುಂಡಾಗಿ, ನೀರನ್ನು ಕರೆಯುವ ತುದಿಗಳು ಹೊರಬರುತ್ತವೆ, ಮೈ ಒರಟಾಗುತ್ತದೆ. ಹೊತ್ತು ಮೀರಿದರೆ ಹಂದರವೇ ಸವೆದು ಹೋಗುತ್ತದೆ. ಇನ್ನೊಂದು ದಾರಿ ಪ್ಲಾಸ್ಮಾ. ಉರಿಯುವ ಟ್ಯೂಬ್‌ಲೈಟಿನೊಳಗಿರುವುದು ಅದೇ, ವಿದ್ಯುತ್ತಿನಿಂದ ಕೆರಳಿದ ಅನಿಲ. ಆಮ್ಲಜನಕದ ಪ್ಲಾಸ್ಮಾಕ್ಕೆ ಕೆಲವು ನಿಮಿಷ ಒಡ್ಡಿದರೆ ಹನಿ ಗುಬ್ಬಿ ಕಟ್ಟುವುದು ನಿಂತು ಹರಡತೊಡಗುತ್ತದೆ. ಆದರೆ ಈ ಗುಣ ಶಾಶ್ವತವಲ್ಲ. ಕಪಾಟಿನಲ್ಲಿ ಇಟ್ಟಂತೆ ಸರಪಳಿಗಳು ಮಗ್ಗುಲು ಬದಲಿಸಿ, ಮೈ ಮತ್ತೆ ಮೊದಲಿನಂತಾಗುತ್ತ ಹೋಗುತ್ತದೆ.

ಗಂಜಿಯ ಕಡೆ ಬಂದರೆ ನನಗೆ ಬಹಳ ಹಿಡಿಸಿದ್ದು ಕಡಲ ಚಿಪ್ಪಿನಿಂದ ಕಲಿತದ್ದು. ಅಲೆ ಬಡಿದರೂ ಮಸೆಲ್ ಎಂಬ ಚಿಪ್ಪುಜೀವಿ ಒದ್ದೆ ಬಂಡೆಗೆ ಅಂಟಿಕೊಂಡೇ ಇರುತ್ತದೆ. ಅದರ ಅಂಟಿನ ಗುಟ್ಟನ್ನು ಅನುಸರಿಸಿ, ಮೆಸರ್‌ಸ್ಮಿತ್ ಮತ್ತು ಸಂಗಡಿಗರು ಡೋಪಮೈನ್ ಬೆರೆಸಿದ ತುಸು ಕ್ಷಾರದ ನೀರಿನಲ್ಲಿ ಯಾವ ವಸ್ತುವನ್ನು ಅದ್ದಿಟ್ಟರೂ ಅದರ ಮೇಲೆ ಕಂದು ಪದರು ಕೂರುತ್ತದೆ ಎಂದು 2007ರಲ್ಲಿ ತೋರಿಸಿದರು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದಕ್ಕೂ ಇದಕ್ಕೂ ರಸಾಯನಶಾಸ್ತ್ರದಲ್ಲಿ ದಾಯಾದಿ ಸಂಬಂಧ. ಪದರಿನ ದಪ್ಪ ಹೆಚ್ಚೆಂದರೆ 50 ನ್ಯಾನೋಮೀಟರ್, ಮಿಲಿಮೀಟರಿನ ಇಪ್ಪತ್ತು ಸಾವಿರದ ಒಂದು ಪಾಲು. ಅದರ ಮೇಲೆ ಆರ್‌ಜಿಡಿಯನ್ನೋ ಕೊಲಾಜನ್ನನ್ನೋ ಖನಿಜವನ್ನೋ ಸುಲಭವಾಗಿ ಕೂರಿಸಬಹುದು. ಖನಿಜ ಕೂರಿಸಲು ಜಪಾನಿನ ಕೊಕುಬೊ 1990ರ ಹೊತ್ತಿಗೆ ರೂಢಿಗೆ ತಂದ ದ್ರಾವಣವಿದೆ. ಅದರಲ್ಲಿ ಲವಣಗಳು ಹೆಚ್ಚುಕಡಿಮೆ ರಕ್ತದ ನೀರಿನಲ್ಲಿರುವ ಪ್ರಮಾಣದಲ್ಲೇ ಇರುತ್ತವೆ. ಸರಿಯಾಗಿ ತಿದ್ದಿದ ಮೈಯನ್ನು ಅದರಲ್ಲಿ ಮುಳುಗಿಸಿಟ್ಟರೆ, ಕೊಡದ ತಳಕ್ಕೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟುವಂತೆ, ಎಲುಬಿನ ಖನಿಜವನ್ನೇ ಹೋಲುವ ಬಿಳಿ ಪದರು ಕಟ್ಟುತ್ತದೆ.

ನಮ್ಮ ರಾಜ್ಯದ ಕೆಲಸ ಬರುವುದು ಇಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ಇಂಜಿನಿಯರಿಂಗ್ ವಿಭಾಗದಲ್ಲಿ ಕೌಶಿಕ್ ಚಟರ್ಜಿಯವರ ತಂಡ ವರ್ಷಗಳಿಂದ ಇಂಥ ಹಂದರಗಳ ಹಿಂದೆ ಬಿದ್ದಿದೆ. ಪಿಸಿಎಲ್‌ನೊಳಗೆ ಗ್ರಾಫೀನ್, ಸ್ಟ್ರಾನ್ಷಿಯಂ ಬೆರೆಸಿ ನೋಡಿದ್ದು ಅವರ ಒಂದು ದಾರಿ. ಎಲ್.ಆರ್. ಜೈದೇವ್ ಮತ್ತು ಚಟರ್ಜಿ 2019ರಲ್ಲಿ ಪ್ರಕಟಿಸಿದ ಕೆಲಸ ಮೈ ತಿದ್ದುವ ದಾರಿಯದು. ಮೊದಲು ಪಿಎಲ್ಎ ಹಂದರವನ್ನು ಮುದ್ರಿಸಿದರು. ಅದರ ಮೈಗೆ ಪಾಲಿಎಥಿಲೀನ್‌ಇಮೈನ್ ಎಂಬ ಅಣುವನ್ನು ರಾಸಾಯನಿಕವಾಗಿ ಕೊಂಡಿ ಹಾಕಿದರು. ಅದರ ತುದಿಗೆ ಸಿಟ್ರಿಕ್ ಆಮ್ಲವನ್ನು, ಅಂದರೆ ನಿಂಬೆಹಣ್ಣಿನ ಹುಳಿಯನ್ನು, ಸೇರಿಸಿದರು. ಆಮೇಲೆ ಕೊಕುಬೊ ದ್ರಾವಣದಲ್ಲಿ ಅದ್ದಿ ಕ್ಯಾಲ್ಸಿಯಂ ಫಾಸ್ಫೇಟಿನ ಲೇಪ ಕೂರಿಸಿದರು. ಸಿಟ್ರಿಕ್ ಆಮ್ಲ ಕ್ಯಾಲ್ಸಿಯಮ್ಮನ್ನು ಎಳೆದು ಹಿಡಿಯುತ್ತದೆ. ದೇಹದಲ್ಲಿರುವ ಸಿಟ್ರೇಟಿನ ಬಹುಪಾಲು ಎಲುಬಿನಲ್ಲೇ ಇರುತ್ತದೆ ಎಂಬುದನ್ನು ನೆನೆದರೆ ಈ ಆಯ್ಕೆಯ ಜಾಣತನ ಗೊತ್ತಾಗುತ್ತದೆ. ಮನುಷ್ಯರ ಮಜ್ಜೆಯ ಜಾತಿಯ ಆಕರಕೋಶಗಳನ್ನು (ಸ್ಟೆಮ್ ಸೆಲ್) ಬಿಟ್ಟು ನೋಡಿದಾಗ, ಬರಿಮೈ ಹಂದರಕ್ಕಿಂತ ತಿದ್ದಿದ ಹಂದರದ ಮೇಲೆ ಅವು ಚೆನ್ನಾಗಿ ಬೆಳೆದವು, ಹೆಚ್ಚು ಖನಿಜ ಕೂಡಿಸಿದವು. ನೆನಪಿಡಬೇಕಾದ ಮಾತು: ಇದು ಗಾಜಿನ ತಟ್ಟೆಯಲ್ಲಿ ಆದದ್ದು, ಯಾರ ಕಾಲಿನಲ್ಲೂ ಅಲ್ಲ.

ರಸಾಯನ ಬಿಟ್ಟು ಬರೀ ಆಕಾರದಿಂದಲೂ ಕೋಶಕ್ಕೆ ಮಾತು ಹೇಳಬಹುದು ಎಂದು ತೋರಿಸಿದವರು ಸ್ಕಾಟ್ಲೆಂಡಿನ ಮ್ಯಾಥ್ಯೂ ಡಾಲ್ಬಿ ಮತ್ತು ಸಂಗಡಿಗರು. 2007ರ ಅವರ ಪ್ರಯೋಗ ನಾನು ಓದಿದವುಗಳಲ್ಲೇ ವಿಚಿತ್ರವಾದದ್ದು. ಪ್ಲಾಸ್ಟಿಕ್ ಹಾಳೆಯ ಮೇಲೆ 120 ನ್ಯಾನೋಮೀಟರ್ ಅಗಲದ ಗುಳಿಗಳನ್ನು ತೋಡಿದರು. ಒಂದು ಹಾಳೆಯಲ್ಲಿ ಗುಳಿಗಳು ಚೌಕಾಬಾರದ ಮನೆಗಳಂತೆ ಶಿಸ್ತಿನ ಸಾಲು. ಇನ್ನೊಂದರಲ್ಲಿ ಪೂರ್ತಿ ಚೆಲ್ಲಾಪಿಲ್ಲಿ. ಮತ್ತೊಂದರಲ್ಲಿ ಸಾಲು ಇದೆ, ಆದರೆ ಪ್ರತಿ ಗುಳಿಯೂ ತನ್ನ ಜಾಗದಿಂದ 50 ನ್ಯಾನೋಮೀಟರಿನವರೆಗೆ ಆಚೀಚೆ ಸರಿದಿದೆ. ಎಲುಬಾಗುವ ದಾರಿ ಹಿಡಿದದ್ದು ಈ ತುಸು ಅಡ್ಡಾದಿಡ್ಡಿ ಸಾಲಿನ ಮೇಲೆ ಕೂತ ಆಕರಕೋಶಗಳು. ಯಾವ ಔಷಧವನ್ನೂ ಹಾಕಿರಲಿಲ್ಲ. ಕೈಯಿಂದ ನಟ್ಟ ಗದ್ದೆಯಂತೆ, ಸಾಲೂ ಇರಬೇಕು, ಗೆರೆ ಎಳೆದಂತೆಯೂ ಇರಬಾರದು.

ಔಷಧ ಹಾಕದಿರುವುದಕ್ಕೆ ಇಷ್ಟು ಮಹತ್ವ ಯಾಕೆಂದರೆ, ಔಷಧದ ದಾರಿಯಲ್ಲಿ ಎಡವಿದ ಅನುಭವವಿದೆ. ಎಲುಬಿನೊಳಗೇ ಎಲುಬನ್ನು ಹುಟ್ಟಿಸುವ ಸತ್ವ ಅಡಗಿದೆ ಎಂದು ಮಾರ್ಷಲ್ ಯುರಿಸ್ಟ್ 1965ರಲ್ಲಿ ಕಂಡುಕೊಂಡರು. ಬಿಎಂಪಿ ಎಂಬ ಆ ಪ್ರೋಟೀನನ್ನು ಸ್ಪಂಜಿಗೆ ಹೀರಿಸಿ ಬಳಸಲು ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ದುಬಾರಿ. ಕೆಲಸ ಮಾಡಬೇಕಾದರೆ ಪ್ರಮಾಣವೂ ದೊಡ್ಡದಿರಬೇಕು. ಸೋರಿ ಹೋದಲ್ಲೆಲ್ಲ ಬೇಡವಾದ ಎಲುಬು ಬೆಳೆದದ್ದೂ ಉಂಟು, ಕುತ್ತಿಗೆಯಲ್ಲಿ ಬಳಸಿದಾಗ ಗಂಟಲು ಬಾತು ಉಸಿರಿಗೆ ತೊಂದರೆಯಾದದ್ದಕ್ಕೆ 2008ರಲ್ಲಿ ಎಚ್ಚರಿಕೆ ಹೊರಟದ್ದೂ ಉಂಟು. ತಿದ್ದಿದ ಮೈ ಎಲ್ಲಿಗೂ ಸೋರಿಹೋಗುವುದಿಲ್ಲ. ಫ್ರಿಜ್ಜು ಬೇಡ, ಜೀವಕೋಶಗಳನ್ನು ಸಾಕುವ ಕೊಠಡಿಯೂ ಬೇಡ, ಪೊಟ್ಟಣದಲ್ಲಿ ಒಣಗಿಸಿ ಇಡಬಹುದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಇದು ಸಣ್ಣ ಅನುಕೂಲ ಇರಬಹುದು. ಕರೆಂಟು ಹೋಗಿ ಬರುವ ತಾಲ್ಲೂಕಿಗೆ ಇದೇ ದೊಡ್ಡದು. ಈ ವಿಷಯದ ಮೇಲೆ ಬರೆಯಬೇಕೆನ್ನಿಸಿದ್ದೂ ಇದೇ ಕಾರಣಕ್ಕೆ.

ಹಾಗೆಂದು ನಾಳೆಯೇ ಬರುತ್ತದೆ ಎಂದು ಹೇಳಲಾರೆ. ಹಂದರ ಬಳ್ಳಿಯನ್ನಷ್ಟೇ ಏರಿಸಿಕೊಳ್ಳುವುದಿಲ್ಲ, ಹುಳವನ್ನೂ ಏರಿಸಿಕೊಳ್ಳುತ್ತದೆ. ಕೋಶಕ್ಕೆ ಹಿತವಾದ ಒರಟು ಮೈ ಬ್ಯಾಕ್ಟೀರಿಯಾಕ್ಕೂ ಹಿತ. ಇಬ್ಬರಲ್ಲಿ ಮೊದಲು ಬಂದವರದ್ದೇ ಜಾಗ ಎಂದು ಗ್ರಿಸ್ಟಿನಾ ಎಂಬ ವೈದ್ಯ 1987ರಲ್ಲಿ ಇದನ್ನು ಓಟದ ಪಂದ್ಯವಾಗಿ ವರ್ಣಿಸಿದ್ದ. ರಸ್ತೆಯ ಮಣ್ಣು ಮೆತ್ತಿಕೊಂಡು ಬಂದ ತೆರೆದ ಗಾಯದಲ್ಲಿ ಬ್ಯಾಕ್ಟೀರಿಯಾ ಆಗಲೇ ಅರ್ಧ ದಾರಿ ಓಡಿರುತ್ತದೆ. ಇನ್ನೊಂದು, ಇಡೀ ಮೈಭಾರ ಹೊರುವ ತೊಡೆಯಲ್ಲಿ ಪಾಲಿಮರ್ ಒಂದೇ ನಿಲ್ಲಲಾರದು. ಹಂದರ ಹಾಕಿದರೂ ಪ್ಲೇಟು ತಪ್ಪುವುದಿಲ್ಲ. ಪಿಎಲ್ಎ ಕರಗುವಾಗ ಹೊರಬರುವ ಆಮ್ಲ ಒಮ್ಮೆಲೇ ಹೆಚ್ಚಾದರೆ ಸುತ್ತ ಉರಿಯೂತ. ಕರಗುವ ಪಿಎಲ್ಎ ಆದರೂ ದೇಹದಲ್ಲಿ ಯಾವಾಗಲೂ ಸೌಮ್ಯವಲ್ಲ ಎಂಬುದಕ್ಕೆ ಹೃದ್ರೋಗದ ಕಡೆಯಿಂದ ಉದಾಹರಣೆ ಇದೆ: ಆಬಟ್ ಕಂಪನಿಯ ಕರಗುವ ಸ್ಟೆಂಟ್ ರಕ್ತ ಹೆಪ್ಪುಗಟ್ಟುವ ತೊಂದರೆಗಳ ನಡುವೆ 2017ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ನಮ್ಮಲ್ಲಿ 2018ರ ಜನವರಿಯಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳು ದೇಹದೊಳಗೆ ಇಡುವ ಇಂಥವನ್ನು ಹೆಚ್ಚು ಅಪಾಯದ ವರ್ಗದಲ್ಲಿ ಇಟ್ಟಿವೆ. ಅದು ಸರಿಯೇ. ತಟ್ಟೆಯಿಂದ ಇಲಿಗೆ, ಇಲಿಯಿಂದ ಕುರಿಗೆ, ಕುರಿಯಿಂದ ಮನುಷ್ಯನಿಗೆ ಬರುವ ದಾರಿಯನ್ನು ಯಾರೂ ಅಡ್ಡ ಹಾಯಬಾರದು.

ಸಣ್ಣದೆನಿಸುವ ತೊಡಕೂ ಇದೆ. ಆಸ್ಪತ್ರೆಯ ಆಟೋಕ್ಲೇವ್ 121 ಡಿಗ್ರಿ ಹಬೆಯಲ್ಲಿ ಸಲಕರಣೆಗಳನ್ನು ಶುದ್ಧ ಮಾಡುತ್ತದೆ. ಉಕ್ಕಿನ ಪ್ಲೇಟಿಗೆ ಅದು ಏನೂ ಅಲ್ಲ. ಪಿಸಿಎಲ್ ಅದರಲ್ಲಿ ಕರಗಿ ನೀರಾಗುತ್ತದೆ, ಪಿಎಲ್ಎ ಸೊಟ್ಟಗಾಗುತ್ತದೆ. ಪಿಎಲ್ಎ 60 ಡಿಗ್ರಿಯ ಹತ್ತಿರವೇ ಮೆತ್ತಗಾಗಲು ಶುರು. ಸವದತ್ತಿಯ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಏರಿಸಿ ನಿಲ್ಲಿಸಿದ ಕಾರಿನೊಳಗೆ ಪಿಎಲ್ಎ ಆಟಿಕೆ ಇಟ್ಟು ಗುಡ್ಡ ಹತ್ತಿಳಿದು ಬನ್ನಿ, ಅದು ತಲೆಬಾಗಿ ಕೂತಿರುತ್ತದೆ. ಹಾಗಾಗಿ ಹಂದರಗಳನ್ನು ಅನಿಲದಿಂದಲೋ ಗಾಮಾ ಕಿರಣದಿಂದಲೋ ಶುದ್ಧ ಮಾಡಿ ಪೊಟ್ಟಣ ಕಟ್ಟಿಯೇ ಕಳಿಸಬೇಕು, ಬಂದ ಪೊಟ್ಟಣವನ್ನು ಬಿಸಿಲಿಗೆ ಬಿಡಬಾರದು. ನಮ್ಮ ಕಡೆಯ ಲಾರಿಗಳ ಅಟ್ಟ ಕಂಡವರಿಗೆ ಇದು ಸಣ್ಣ ಷರತ್ತಲ್ಲ.

ಈಗಂತೂ ಚೂರಾದ ಎಲುಬು ತಾಲ್ಲೂಕಿನಲ್ಲಿ ನಿಲ್ಲುವುದಿಲ್ಲ. ಬೈಲಹೊಂಗಲದಿಂದ ಬೆಳಗಾವಿಗೆ, ಸವದತ್ತಿಯಿಂದ ಧಾರವಾಡಕ್ಕೆ ಇಲ್ಲವೆ ಹುಬ್ಬಳ್ಳಿಗೆ ಹೊರಡುತ್ತದೆ. ರಾಮದುರ್ಗದವರಿಗೆ ಎಲ್ಲವೂ ದೂರ. ಹಂದರವೂ ಬಂದರೆ ಮೊದಲು ಆ ಊರುಗಳಿಗೇ ಬರುತ್ತದೆ, ಅದೂ ಮೊದಲಿಗೆ ದವಡೆ, ತಲೆಬುರುಡೆಯಂಥ ಮೈಭಾರ ಹೊರದ ಜಾಗಗಳಿಗೆ.

ಬಂದ ಮೇಲೂ ವೈದ್ಯರಿಗೆ ಒಂದು ಪೇಚು ಇದ್ದೇ ಇದೆ. ಈ ಪಾಲಿಮರುಗಳು ಎಕ್ಸ್‌ರೇಗೆ ಕಾಣುವುದಿಲ್ಲ. ರಾಡು, ಪ್ಲೇಟುಗಳಾದರೆ ಫಿಲ್ಮಿನಲ್ಲಿ ಬೆಳ್ಳಗೆ ಹೊಳೆಯುತ್ತವೆ. ತಿರುಪುಗಳನ್ನು ಎಣಿಸಿ ಕೊಟ್ಟ ದುಡ್ಡಿಗೆ ತಾಳೆ ಹಾಕುವ ಹಿರಿಯರನ್ನು ಕಂಡಿದ್ದೇನೆ. ಹಂದರ ಹಾಕಿದ ಮರುದಿನದ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಲ್ಲಿ ಕಾಣುವುದು ಕಪ್ಪು ಬಯಲು. “ಏನೂ ಹಾಕೇ ಇಲ್ಲಲ್ರಿ ಡಾಕ್ಟರ್?” ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಆರನೇ ವಾರ, ಮೂರನೇ ತಿಂಗಳು, ಆರನೇ ತಿಂಗಳು ಎಂದು ಫಿಲ್ಮುಗಳನ್ನು ಒಂದರ ಪಕ್ಕ ಒಂದು ಜೋಡಿಸಿದಾಗ, ಎರಡೂ ದಂಡೆಗಳಿಂದ ಮಬ್ಬು ಬಿಳುಪೊಂದು ಒಳಕ್ಕೆ ಸರಿಯುತ್ತ ಬಂದಿರುತ್ತದೆ. ಅದರಲ್ಲಿ ಹಂದರ ಎಲ್ಲಿಯೂ ಕಾಣುವುದಿಲ್ಲ. ಕಾಣುವ ಬಿಳುಪೆಲ್ಲ ರೋಗಿಯದೇ ಎಲುಬು.